ಬಾಡಿಗೆ ಬೇಡ, ಪಾಲು ಕೊಡಿ: ಅಗತ್ತಿಯ ಟ್ಯೂನಾ ದೋಣಿಗಳಲ್ಲಿ ನಮ್ಮ ಕ್ಯಾಮೆರಾ

ಬೆಂಗಳೂರಿನಲ್ಲಿ ಫೋಟೋ ಟೂರ್ ಅಂದರೆ ಕಾಡು. ಕಬಿನಿ, ಬಂಡೀಪುರ, ದಾಂಡೇಲಿ, ಕೈಯಲ್ಲಿ ದುಡ್ಡಿದ್ದವರಿಗೆ ಮಸಾಯಿ ಮಾರಾ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ಫೋಟೋ ನೋಡಿ ಬೆಳೆದ ಊರು, ಇನ್ನೇನಾಗುತ್ತೆ? ಹಾಗಾಗಿ ಲಕ್ಷದ್ವೀಪದ ಅಗತ್ತಿ ದ್ವೀಪದ ಮೀನುಗಾರರ ಹತ್ತಿರ ಜನರನ್ನು ಕರೆದುಕೊಂಡು ಹೋಗ್ತೀನಿ ಅಂದಾಗ ಈ ಕಸುಬಿನ ಗೆಳೆಯರೆಲ್ಲ ನಕ್ಕರು. "ಗುರು, ಹುಲಿ ಇಲ್ದೆ ಟೂರ್ ಮಾರೋಕಾಗಲ್ಲ. ಮೀನು ನೋಡೋಕೆ ಅರವತ್ತು ಸಾವಿರ ಯಾರು ಕೊಡ್ತಾರೆ? ರಸಲ್ ಮಾರ್ಕೆಟ್‌ಗೆ ಆಟೋದಲ್ಲಿ ಹೋಗಿ ಬರ್ತಾರೆ" ಅಂದ ಒಬ್ಬ. ಆಮೇಲೆ, ದೋಣಿಗೆ ಬಾಡಿಗೆ ಕೊಡಲ್ಲ, ಆವತ್ತಿನ ಮೀನಿನ ದುಡ್ಡಲ್ಲಿ ಒಬ್ಬ ಆಳಿಗೆ ಬರುವ ಪಾಲಿನಷ್ಟು ಕೊಡ್ತೀನಿ ಅಂದಾಗ ಇನ್ನೂ ಜೋರಾಗಿ ನಕ್ಕರು.

ಈಗ ಅವರಲ್ಲೇ ಇಬ್ಬರು ಮೂವರು ಫೋನ್ ಮಾಡಿ "ಅದ್ಹೇಗೆ ಮಾಡ್ತೀಯ ಸ್ವಲ್ಪ ಹೇಳು" ಅಂತಿದ್ದಾರೆ. ಒಬ್ಬೊಬ್ಬರಿಗೂ ಅರ್ಧ ಗಂಟೆ ಕೊಡೋ ಬದಲು ಒಂದೇ ಸಲ ಬರೆದುಬಿಡ್ತೀನಿ. ಟೂರ್ ಮಾಡಿ ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಗುಂಪು ಸೇರಿಸೋದು, ಅಡ್ವಾನ್ಸ್ ತಗೊಳ್ಳೋದು, ಶಟರ್ ಸ್ಪೀಡ್, ಇವೆಲ್ಲ ನಿಮಗೆ ಗೊತ್ತಿದ್ದದ್ದೇ.

ನಷ್ಟದಿಂದಲೇ ಶುರು ಮಾಡೋಣ. ನನ್ನ ಮೊದಲ ಗುಂಪು ಕೊಚ್ಚಿಯಿಂದ ಹಡಗು ಹತ್ತಬೇಕಿದ್ದದ್ದು 2017ರ ಡಿಸೆಂಬರ್ ಮೊದಲ ವಾರ. ಆ ವಾರ ಏನಾಯಿತು ಅಂತ ನೆನಪಿದೆಯಲ್ಲ? ಓಖಿ ಚಂಡಮಾರುತ. ಕನ್ಯಾಕುಮಾರಿ ಕಡೆಯಿಂದ ಎದ್ದು ಸೀದಾ ಲಕ್ಷದ್ವೀಪದ ಮೇಲೆ ಹೋಯಿತು. ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರರು ವಾಪಸ್ ಬರಲೇ ಇಲ್ಲ. ನಮ್ಮ ಹಡಗು ನಿಂತದ್ದು ಅದರ ಮುಂದೆ ಏನೂ ಅಲ್ಲ. ಆದರೆ ಟೂರ್ ಮಾಡುವವನಿಗೆ ಎಂಟು ಜನ, ದ್ವೀಪಕ್ಕೆ ಹೋಗೋಕೆ ಎಂಟು ಪರ್ಮಿಟ್, ಎಂಟು ಟಿಕೆಟ್. ಜನರನ್ನು ಸುಮ್ನೆ ವಾಪಸ್ ಕಳಿಸೋಕೆ ಮನಸ್ಸಾಗದೆ ಫೋರ್ಟ್ ಕೊಚ್ಚಿಯಲ್ಲಿ ಎರಡು ದಿನ ಚೀನಾ ಬಲೆ ತೋರಿಸಿದೆ. ಎಂಟು ಜನರೂ ಒಂದೇ ಬಲೆಯ ಒಂದೇ ಫೋಟೋ ತೆಗೆದರು. ದುಡ್ಡು ವಾಪಸ್ ಕೊಟ್ಟು, ಲಾಡ್ಜ್ ಬಿಲ್ ಕಟ್ಟಿ, ಒಟ್ಟು ಒಂದೂವರೆ ಲಕ್ಷದ ಹತ್ತಿರ ಕೈ ಬಿಟ್ಟಿತು. ಆಗ ನನ್ನ ಹತ್ತಿರ ಇದ್ದ ಎರಡನೇ ಕ್ಯಾಮೆರಾ ಬಾಡಿ ಮಾರಿದ್ದು ಅದಕ್ಕೇ.

ಮುಂದಿನ ಸೀಸನ್‌ನಲ್ಲಿ ಅಗತ್ತಿ ಮುಟ್ಟಿದೆವು. ಅಗತ್ತಿಯನ್ನೇ ಹಿಡಿದದ್ದಕ್ಕೆ ಕಾರಣ ಎರಡು. ಲಕ್ಷದ್ವೀಪದಲ್ಲಿ ವಿಮಾನ ಇಳಿಯೋದು ಅಲ್ಲಿ ಮಾತ್ರ. ಮತ್ತೆ, ಕೋಲು ಮತ್ತು ದಾರದಲ್ಲಿ ಟ್ಯೂನಾ ಹಿಡಿಯುವ ದೋಣಿಗಳು ಅಲ್ಲಿ ಜಾಸ್ತಿ. ಈ ಕೋಲಿನ ಕಸುಬು ಮೂಲದಲ್ಲಿ ಮಿನಿಕಾಯ್ ದ್ವೀಪದ್ದು. 1960ರ ದಶಕದಲ್ಲಿ ಎಂಜಿನ್ ದೋಣಿ ಬಂದ ಮೇಲೆ ಉಳಿದ ದ್ವೀಪದವರೂ ಕಲಿತರು. ಜನ ವಾಸ ಮಾಡುವ ದ್ವೀಪ ಹತ್ತೇ. ಎಲ್ಲ ಸೇರಿ 2011ರ ಜನಗಣತಿಯಲ್ಲಿ ಅರವತ್ತನಾಲ್ಕೂವರೆ ಸಾವಿರ ಜನ. ನಮ್ಮ ಜಯನಗರದಲ್ಲೇ ಅದಕ್ಕಿಂತ ಜಾಸ್ತಿ ಇರಬೇಕು. ಇಂಥ ಜಾಗದಲ್ಲಿ ನೀವು ಒಂದು ದೋಣಿಯವರ ಜತೆ ಹೇಗೆ ನಡೆದುಕೊಂಡಿರಿ ಅನ್ನೋದು ಸಂಜೆಯೊಳಗೆ ಇಡೀ ಊರಿಗೆ ಗೊತ್ತಿರುತ್ತದೆ.

ಆ ಸಲ ದೋಣಿ ಮಾಲೀಕರೊಬ್ಬರ ಜತೆ ಬಾಡಿಗೆ ಮಾತಾಡಿದ್ದೆ. ದಿನಕ್ಕೆ ಐದೋ ಆರೋ ಸಾವಿರ, ನಾಲ್ಕು ಜನ ಕ್ಯಾಮೆರಾದವರು. ಸಫಾರಿ ಜೀಪಿಗೆ ಕೊಡುವ ಹಾಗೆ ಸೀದಾ ಲೆಕ್ಕ. ಬೆಳಗ್ಗೆ ಒಂಬತ್ತಕ್ಕೆ ನಿಧಾನವಾಗಿ ಹೊರಟರು. ಲಗೂನ್, ಅಂದರೆ ಹವಳದ ದಿಬ್ಬದೊಳಗಿನ ಶಾಂತ ನೀರು ದಾಟಿ ಸ್ವಲ್ಪ ದೂರ ಹೋಗಿ ಎಂಜಿನ್ ಇಳಿಸಿದರು. ಮೇಲೆ ಒಂದು ಹಕ್ಕಿ ಇಲ್ಲ, ಕೆಳಗೆ ಮೀನಿಲ್ಲ. ಇಬ್ಬರು ಹುಡುಗರು ಹಿಂದಿನ ಹಲಗೆ ಮೇಲೆ ನಿಂತು ಕೋಲು ಬೀಸತೊಡಗಿದರು. ನೀರು ಚಿಮ್ಮಿಸುವ ಪಂಪನ್ನೂ ಹಾಕಿದರು. ಇನ್ನೊಬ್ಬ ಐಸ್ ಪೆಟ್ಟಿಗೆಯಿಂದ ಒಂದು ಟ್ಯೂನಾ ತೆಗೆದು ಕೊಕ್ಕೆಗೆ ಸಿಕ್ಕಿಸಿಕೊಟ್ಟ. ಅದನ್ನೇ ನಾಲ್ಕೈದು ಸಲ ಎತ್ತಿ ಹಾರಿಸಿದರು. ನಮ್ಮವರು ಪಟಪಟ ಅಂತ ಹೊಡೆದುಕೊಂಡರು.

ರಾತ್ರಿ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಫೋಟೋ ಪರವಾಗಿಲ್ಲ. ಹನಿ, ಬೆಳಕು, ಗಾಳಿಯಲ್ಲಿ ಮೀನು, ಎಲ್ಲ ಇದೆ. ಗುಂಪಿನಲ್ಲಿ ಮಂಗಳೂರಿನವರೊಬ್ಬರಿದ್ದರು. ನೂರು ಪರ್ಸೆಂಟ್‌ಗೆ ಝೂಮ್ ಮಾಡಿ ಮೀನಿನ ಕಣ್ಣು ತೋರಿಸಿದರು. ಬೆಳ್ಳಗೆ, ಮಬ್ಬು ಮಬ್ಬು. "ಸಾರ್, ಇದು ನಿನ್ನೆಯ ಮೀನು. ನಮ್ಮನೇಲಿ ಇದನ್ನ ತಗೊಳ್ಳೋದೇ ಇಲ್ಲ" ಅಂದರು. ಅರ್ಧ ದುಡ್ಡು ವಾಪಸ್ ಕೇಳಿದರು. ಕೊಟ್ಟೆ.

ದೋಣಿಯವರು ಮೋಸ ಮಾಡಿದರು ಅಂತ ನಾನು ಹೇಳಲ್ಲ. ಅವರ ಜಾಗದಲ್ಲಿ ಕೂತು ಲೆಕ್ಕ ಹಾಕಿ. ಟ್ಯೂನಾ ಸಿಗುವ ದಿನ ಹಲಗೆ ಮೇಲೆ ಒಂದೊಂದು ಅಡಿ ಜಾಗಕ್ಕೂ ಬೆಲೆ ಇದೆ. ಕ್ಯಾಮೆರಾ ಹಿಡಿದ ನಾಲ್ಕು ಜನ ಅಡ್ಡ ನಿಂತರೆ ನಷ್ಟ. ಮೀನಿಲ್ಲದ ದಿನ ಹತ್ತಿಸಿಕೊಂಡರೆ ಬಾಡಿಗೆ ಪೂರ್ತಿ ಲಾಭ. ಅಂದ ಮೇಲೆ ನಮಗೆ ಸಿಗೋದು ಮೀನಿಲ್ಲದ ದಿನವೇ. ಬಾಡಿಗೆ ಜಾಸ್ತಿ ಮಾಡಿದಷ್ಟೂ ನಾಟಕ ಜಾಸ್ತಿ ಆಗುತ್ತದೆ, ಅಷ್ಟೇ. ಎಂಟು ಸಾವಿರದವರೆಗೆ ಏರಿಸಿ ನೋಡಿದ್ದೇನೆ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳ್ತಿರೋದು. ಇನ್ನೊಂದು, ಬಾಡಿಗೆ ಮಾಲೀಕರ ಜೇಬಿಗೆ ಹೋಗುತ್ತದೆ. ಕೋಲು ಹಿಡಿಯುವ ಹುಡುಗರಿಗೆ ನಮ್ಮಿಂದ ಬಿಸಿಲೊಂದೇ ಸಿಕ್ಕಿದ್ದು. ಅವರು ಯಾಕೆ ನಮ್ಮ ಫ್ರೇಮಿಗೆ ಜಾಗ ಬಿಡಬೇಕು?

ಪಾಲಿನ ಯೋಚನೆ ದಡದಲ್ಲಿ ಬಂತು. ಸಂಜೆ ಮೀನು ಇಳಿಸಿ ಮಾರಿ ಆದ ಮೇಲೆ ದೋಣಿಯವರು ಮರಳಲ್ಲಿ ಕೂತು ಲೆಕ್ಕ ಹಾಕುತ್ತಾರೆ. ಡೀಸೆಲ್ ಖರ್ಚು ಕಳೆದು, ದೋಣಿಗಿಷ್ಟು, ಆಳುಗಳಿಗಿಷ್ಟು. ನಮ್ಮ ಮಲ್ಪೆ, ಗಂಗೊಳ್ಳಿ ಕಡೆ ನೋಡಿದವರಿಗೆ ಇದು ಹೊಸದಲ್ಲ. ಹಾಗಿದ್ದರೆ ಕ್ಯಾಮೆರಾವನ್ನೂ ಒಬ್ಬ ಆಳು ಅಂತ ಲೆಕ್ಕಕ್ಕೆ ಹಿಡಿದರೆ?

ನನ್ನ ಜತೆ ಉಳ್ಳಾಲದ ಗೆಳೆಯನೊಬ್ಬ ಬರುತ್ತಾನೆ. ಮನೆಮಾತು ಬ್ಯಾರಿ. ಅಗತ್ತಿಯವರ ಜಸರಿ ಮಾತು ಮಲಯಾಳಂ ಬಳಗದ್ದು, ಹಾಗಾಗಿ ಅವನ ಮಾತು ಅವರಿಗೆ ಅರ್ಧಕ್ಕರ್ಧ ತಿಳಿಯುತ್ತದೆ, ಉಳಿದದ್ದು ನಗುವಲ್ಲಿ ಮುಗಿಯುತ್ತದೆ. ನನ್ನ ಇಂಗ್ಲಿಷಿನಲ್ಲಿ ಎರಡು ಸೀಸನ್ ಆಗದ ಕೆಲಸ ಅವನ ಬ್ಯಾರಿಯಲ್ಲಿ ಒಂದು ಸಂಜೆಗೆ ಆಯಿತು. ಒಂದು ದೋಣಿಯ ಹಿರಿಯರ ಹತ್ತಿರ ಕೂತು ವಿಷಯ ಹೇಳಿದ.

"ಮೀನು ಬೀಳದಿದ್ದರೆ?" ಅಂತ ಕೇಳಿದರು.

"ಡೀಸೆಲ್‌ಗೆ ಅಂತ ಐನೂರು ಕೊಡ್ತೀವಿ ಇಕ್ಕಾ, ಅಷ್ಟೇ."

"ಬಿದ್ದರೆ?"

"ಆವತ್ತು ಒಬ್ಬ ಆಳಿನ ಪಾಲು ಎಷ್ಟೋ ಅಷ್ಟು ನಾವು ಕಟ್ತೀವಿ. ಇಲ್ಲೇ, ಎಲ್ಲರ ಮುಂದೆ. ನಿಮ್ಮ ಲೆಕ್ಕದಲ್ಲೇ ಸೇರಿಸಿ ಹಂಚಿಕೊಳ್ಳಿ."

ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಒಂದು ಪ್ರಶ್ನೆ ಕೇಳಿದರು. "ಯಾವ ದಿನ ಅಂತ ಯಾರು ಹೇಳೋದು?"

"ನೀವೇ ಹೇಳಿ."

ಅಲ್ಲಿಗೆ ಮಾತು ಕುದುರಿತು. ಹೆಚ್ಚು ಮೀನು ಬಿದ್ದರೆ ಪಾಲು ದೊಡ್ಡದು, ನಾವು ಕಟ್ಟೋದೂ ಜಾಸ್ತಿ. ಹಾಗಾಗಿ ಒಳ್ಳೆಯ ದಿನವೇ ನಮ್ಮನ್ನು ಕರೆಯೋದು ಅವರಿಗೆ ಲಾಭ. ದೋಣಿಗೆ ಒಂದೇ ಕ್ಯಾಮೆರಾ ಅಂತ ಕಟ್ಟು ಮಾಡಿದೆ, ಅಡ್ಡಿಯೂ ಕಮ್ಮಿ. ಹಂಚಿಕೆ ಎಲ್ಲರ ಕಣ್ಣೆದುರು, ಅದರಿಂದ ಹುಡುಗರಿಗೂ ನಾವು ಬೇಕಾದವರಾದೆವು. ಈಗ "ಈ ಕಡೆ ನಿಲ್ಲಿ, ಇಲ್ಲಿ ಬಿಸಿಲು ಚೆನ್ನಾಗಿದೆ" ಅಂತ ಅವರೇ ಕೈ ಹಿಡಿದು ಎಳೆಯುತ್ತಾರೆ.

ಬೆಂಗಳೂರಿಗೆ ಬಂದು ಇದನ್ನು ಹೇಳಿದರೆ ಯಾರೂ ಒಪ್ಪಲಿಲ್ಲ. "ಯಾವ ದಿನ ಸಮುದ್ರಕ್ಕೆ ಹೋಗೋದು ಅಂತ ಗೊತ್ತಿಲ್ಲದ ಟೂರನ್ನ ಏನಂತ ಮಾರ್ತೀಯ? ಐಟಿನರಿಯಲ್ಲಿ ಏನು ಬರೀತೀಯ?" ಪ್ರಶ್ನೆ ಸರಿಯಾದದ್ದೇ. ನಾನು ಬರೆದದ್ದು ಇಷ್ಟು: ಏಳು ರಾತ್ರಿ, ಆರು ಜನ, ಸಮುದ್ರ ಒಂದು ಸಲ ಸಿಗಬಹುದು, ಅದೃಷ್ಟ ಇದ್ದರೆ ಎರಡು. ಉಳಿದ ದಿನ ಖಾಲಿ. ಖಾಲಿ ದಿನಕ್ಕೂ ದುಡ್ಡು ಕೊಡಬೇಕು. ಮೊದಲ ಸಲ ಸೀಟು ತುಂಬೋಕೆ ಮೂರು ತಿಂಗಳೇ ಹಿಡಿಯಿತು. ಕೊನೆಗೆ ಹೊರಟದ್ದು ಐದು ಜನ. ಅದರಲ್ಲಿ ಒಬ್ಬರು ನನ್ನ ಭಾವ, ಅರ್ಧ ರೇಟು.

ಆ ಸಲ ಮೂರು ದಿನ ಏನೂ ಇಲ್ಲ. ನಾಲ್ಕನೇ ದಿನ ಬೆಳಗಿನ ಜಾವ ನಮಾಜ್ ಮುಗಿದ ಹೊತ್ತಿಗೆ ಬಾಗಿಲು ಬಡಿದರು. ಮೂರು ದೋಣಿ, ಮೂವರು. ನಾನೊಂದರಲ್ಲಿ.

ಮೊದಲ ಕೆಲಸ ಎರೆಮೀನು, ಅಂದರೆ ಟ್ಯೂನಾಗೆ ಆಸೆ ತೋರಿಸುವ ಚಿಕ್ಕ ಮೀನು ಹಿಡಿಯೋದು. ಲಗೂನಿನ ಆಳವಿಲ್ಲದ ನೀರಲ್ಲಿ ಬಲೆ ಹಾಸಿ, ಬೆರಳುದ್ದದ ಮೀನುಗಳನ್ನು ಜೀವಂತ ಎತ್ತುತ್ತಾರೆ. ಅವನ್ನು ಹಾಕೋದು ದೋಣಿಯ ಹೊಟ್ಟೆಯಲ್ಲಿರುವ ತೊಟ್ಟಿಗೆ. ಈ ತೊಟ್ಟಿಯ ತಳದಲ್ಲಿ ತೂತುಗಳಿವೆ. ಬೆಣೆ ಕಿತ್ತರೆ ಸಮುದ್ರದ ನೀರು ಒಳಗೆ ಬಂದು ಹೋಗಿ ಮಾಡುತ್ತಿರುತ್ತದೆ, ಮೀನು ಸಾಯಲ್ಲ. ನಾನು ಇದರ ಫೋಟೋನೇ ಗಂಟೆಗಟ್ಟಲೆ ತೆಗೆದಿದ್ದೇನೆ. ಕತ್ತಲ ತೊಟ್ಟಿ, ತೂತಿನಿಂದ ಮೇಲೆ ಬರುವ ನೀಲಿ ಬೆಳಕು, ಅದರಲ್ಲಿ ಸುತ್ತುವ ಬೆಳ್ಳಿ ಮೀನು. ಅಲ್ಲಿ ಬೆಳಕು ಅಳೆಯೋದು (ಮೀಟರಿಂಗ್) ಹೇಗೆ ಅಂತ ನೀವೇ ಕಂಡುಕೊಳ್ಳಿ. ಅದಕ್ಕೆ ನನಗೆ ಒಂದು ಇಡೀ ಸೀಸನ್ ಹಿಡಿದಿದೆ, ಪುಕ್ಕಟೆ ಕೊಡಲ್ಲ.

ರೀಫ್, ಅಂದರೆ ಹವಳದ ದಿಬ್ಬ ದಾಟಿ ಹೊರಗೆ ಹೋದ ಮೇಲೆ ಎಲ್ಲರ ಕಣ್ಣು ಹಕ್ಕಿಗಳ ಮೇಲೆ. ಹಕ್ಕಿ ಗುಂಪು ಕಟ್ಟಿ ಕೆಳಗೆ ಬೀಳುತ್ತಿದ್ದರೆ ಅಲ್ಲಿ ಟ್ಯೂನಾ ಇದೆ. ದೋಣಿ ಅಲ್ಲಿಗೆ ಹೋಗುತ್ತಿದ್ದಂತೆ ಒಬ್ಬ ಎರೆಮೀನನ್ನು ಹಿಡಿ ಹಿಡಿ ಎರಚುತ್ತಾನೆ. ಪಂಪಿನಿಂದ ನೀರು ಮಳೆ ಹನಿಯ ಹಾಗೆ ಮೇಲೆ ಬೀಳುತ್ತದೆ. ಅದರ ಕೆಳಗೆ ಟ್ಯೂನಾಗೆ ದೋಣಿಯೂ ಕಾಣಲ್ಲ, ಕೊಕ್ಕೆಯೂ ಕಾಣಲ್ಲ. ಹಿಂದಿನ ಹಲಗೆ ಮೇಲೆ ಸಾಲಾಗಿ ನಿಂತವರು ಕೋಲು ಇಳಿಸುತ್ತಾರೆ, ಎತ್ತುತ್ತಾರೆ. ಕೊಕ್ಕೆಗೆ ಮುಳ್ಳಿಲ್ಲ. ಮೀನು ತಲೆ ಮೇಲಿಂದ ಹಾರಿ ಹಿಂದೆ ಬರುವಾಗ ದಾರ ಸ್ವಲ್ಪ ಸಡಿಲ ಬಿಟ್ಟರೆ ಸಾಕು, ತಾನೇ ಕಳಚಿ ಹಲಗೆಗೆ ಬೀಳುತ್ತದೆ. ಕೈ ಹಾಕುವ ಪ್ರಶ್ನೆಯೇ ಇಲ್ಲ. ಕೋಲು ಮತ್ತೆ ನೀರಿಗೆ. ಒಂದೊಂದು ಮೀನು ಎರಡು ಮೂರು ಕಿಲೋ. ಬಾಲ ಬಡಿಯುವ ಸದ್ದಿಗೆ ಎಂಜಿನ್ ಸದ್ದು ಕೇಳಿಸಲ್ಲ. ಕಾಲ ಬುಡದಲ್ಲಿ ರಕ್ತ, ಲೆನ್ಸ್ ಮೇಲೆ ಹುರುಪೆ, ಕಣ್ಣಲ್ಲಿ ಉಪ್ಪು. ಕೆಲವು ನಿಮಿಷ, ಅಷ್ಟೇ. ಮೀನಿನ ಗುಂಪು ಕೆಳಗೆ ಮುಳುಗಿದರೆ ಮುಗಿಯಿತು, ಮತ್ತೆ ಹಕ್ಕಿ ಹುಡುಕಬೇಕು.

ಈ ನಿಮಿಷಗಳಿಗೆ ಉದ್ದ ಲೆನ್ಸ್ ಕೆಲಸಕ್ಕೆ ಬರಲ್ಲ. ನಮ್ಮ ಟೂರಿನಲ್ಲಿ 200 ಮಿ.ಮೀ.ಗಿಂತ ಉದ್ದದ್ದು ತರಬಾರದು ಅಂತ ಕಟ್ಟು. ಒಬ್ಬ ಮಹಾಶಯರು 600 ಇಲ್ಲದೆ ಬರಲ್ಲ ಅಂದರು. ಬರಬೇಡಿ ಅಂದೆ. ಚಿಕ್ಕ ವಿಮಾನದಲ್ಲಿ ಕೈಚೀಲಕ್ಕೆ ಏಳು ಕಿಲೋ ಮಿತಿ, ಆ ಲೆನ್ಸಿಗೇ ಒಂದು ಟಿಕೆಟ್ ತೆಗೆಯಬೇಕಾಗುತ್ತಿತ್ತು. 35 ಮಿ.ಮೀ. ಲೆನ್ಸ್ ಒಂದಿದ್ದರೆ ಸಾಕು, ಜತೆಗೆ 24-70 ಇದ್ದರೆ ಧಾರಾಳ. ಶಟರ್ 1/2000ಕ್ಕೆ ಇಟ್ಟು, ಮೀನಿನ ಬೆಳ್ಳಿ ಹೊಟ್ಟೆ ಸುಡದ ಹಾಗೆ ಸ್ವಲ್ಪ ಕಮ್ಮಿ ಎಕ್ಸ್‌ಪೋಸ್ ಮಾಡಿ. ದಡದಲ್ಲಿ ಇದು ಉಲ್ಟಾ. ಹವಳದ ಬಿಳಿ ಮರಳಿಗೆ ಕ್ಯಾಮೆರಾದ ಮೀಟರ್ ಮೋಸ ಹೋಗುತ್ತದೆ, ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಬೇಕು. ಹನಿ ಬೀಳದ ಹಾಗೆ ಲೆನ್ಸ್ ಕಾಪಾಡೋಕೆ ನನ್ನದೊಂದು ಉಪಾಯ ಇದೆ. ಹತ್ತು ರೂಪಾಯಿ ಖರ್ಚು, ಮಲ್ಲೇಶ್ವರದ ಯಾವ ಪಾತ್ರೆ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ನನ್ನ ಜತೆ ಬಂದವರಿಗೆ ಮಾತ್ರ ತೋರಿಸೋದು.

ಆವತ್ತು ಮೂರೂ ದೋಣಿಗೆ ಮೀನು ಬಿತ್ತು. ಆಳಿನ ಪಾಲು ಎರಡು ಸಾವಿರದ ಆಸುಪಾಸು ಬಂದ ನೆನಪು. ದಡದಲ್ಲಿ ಕೂತು ನಾನು ಮೂರು ಪಾಲು ಎಣಿಸಿ ಕೊಟ್ಟೆ. ಅಂದರೆ ಬಾಡಿಗೆಯ ಕಾಲದಲ್ಲಿ ಒಂದು ಸುಳ್ಳು ದಿನಕ್ಕೆ ಕೊಡುತ್ತಿದ್ದ ದುಡ್ಡಿನಲ್ಲಿ ಮೂರು ದೋಣಿಯ ನಿಜ ದಿನ ಸಿಕ್ಕಿತು. ಭಾವ ಆ ರಾತ್ರಿ "ಉಳಿದರ್ಧ ತಗೋ" ಅಂತ ಪೂರ್ತಿ ದುಡ್ಡು ಕೊಟ್ಟ. ನನ್ನ ಮಟ್ಟಿಗೆ ಅದೇ ದೊಡ್ಡ ಬಹುಮಾನ.

ಇನ್ನು ಖಾಲಿ ದಿನಗಳ ವಿಷಯ. ಇದಕ್ಕೆ ಎಲ್ಲರೂ ಹೆದರುತ್ತಾರೆ. ಆದರೆ ದ್ವೀಪದಲ್ಲಿ ದಡದ ಕೆಲಸವೇ ಜಾಸ್ತಿ. ಉಳಿದ ಟ್ಯೂನಾವನ್ನು ಸೀಳಿ, ಉಪ್ಪುನೀರಲ್ಲಿ ಬೇಯಿಸಿ, ತೆಂಗಿನ ಸಿಪ್ಪೆಯ ಹೊಗೆ ಕೊಟ್ಟು, ಬಿಸಿಲಲ್ಲಿ ಮರದ ತುಂಡಿನಷ್ಟು ಗಟ್ಟಿ ಆಗುವ ತನಕ ಒಣಗಿಸುತ್ತಾರೆ. ಇದೇ ಮಾಸ್. ವರ್ಷಗಟ್ಟಲೆ ಕೆಡಲ್ಲ. ಆ ಹೊಗೆ ಗುಡಿಸಲಿನಲ್ಲಿ ಮಧ್ಯಾಹ್ನ ನಾಲ್ಕರ ಮೇಲೆ ಗರಿಗಳ ಸಂದಿಯಿಂದ ಬರುವ ಬೆಳಕಿಗೆ ನಾನು ಎರಡು ಕಬಿನಿ ಕೊಡ್ತೀನಿ. ಇಳಿತದ ಹೊತ್ತಲ್ಲಿ ರೀಫ್ ಮೇಲೆ ಹೆಂಗಸರು ಕಂಬಿ ಹಿಡಿದು ಆಕ್ಟೋಪಸ್ ಹುಡುಕುತ್ತಾ ಹೋಗುತ್ತಾರೆ. ದೂರದಿಂದ ನೋಡಬಹುದು. ಕೇಳದೆ ಕ್ಯಾಮೆರಾ ಎತ್ತಬಾರದು. ಇದು ನಮ್ಮ ಟೂರಿನ ಎರಡನೇ ಕಟ್ಟು, ಮುರಿದವರಿಗೆ ಮುಂದಿನ ಸಲ ಸೀಟಿಲ್ಲ. ಒಬ್ಬರಿಗೆ ಹಾಗೆ ಇಲ್ಲ ಅಂದಿದ್ದೇನೆ, ಅವರು ದೊಡ್ಡ ಕಂಪನಿಯ ದೊಡ್ಡ ಮನುಷ್ಯರೇ ಆದರೂ.

ಹೆಂಗಸರ ಮಾತು ಬಂತಲ್ಲ, ಇನ್ನೊಂದು. ಇಲ್ಲಿಯವರು ಮುಸ್ಲಿಮರು, ಆದರೆ ತರವಾಡು, ಅಂದರೆ ಮನೆತನ, ಹೆಣ್ಣಿನ ಕಡೆಯಿಂದ ನಡೆಯುತ್ತದೆ. ನಮ್ಮ ತುಳುನಾಡಿನ ಅಳಿಯಕಟ್ಟು ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಊಟದ ಮಾತು, ರೂಮಿನ ಮಾತು ಗಂಡಸರ ಹತ್ತಿರ ಆಡಿ ಒಪ್ಪಿಸಿಕೊಂಡು ಬಂದರೆ ಮಾರನೇ ದಿನ ಬದಲಾಗಿರುತ್ತದೆ. ಮನೆಯ ಹಿರಿಯ ಉಮ್ಮನ ಹತ್ತಿರ ಆಡಿದ್ದು ಬದಲಾಗಲ್ಲ. ನಮ್ಮ ಗುಂಪಿನಲ್ಲಿ ಹೆಣ್ಣುಮಕ್ಕಳು ಇಬ್ಬರಾದರೂ ಇರುವಂತೆ ನೋಡಿಕೊಳ್ಳೋದು ಇದಕ್ಕೇ. ಅಡುಗೆಮನೆಯ ಒಳ್ಳೆಯ ಫೋಟೋಗಳೆಲ್ಲ ಅವರವೇ.

ಫೋಟೋ ಕೊಡುವ ವಿಷಯದಲ್ಲಿ ಎರಡು ಮೂರು ಪ್ರಯೋಗ ಮಾಡಿದೆ. ಮೊದಲು ತೆಗೆದ ಕೂಡಲೇ ಪ್ರಿಂಟ್ ಕೊಡುವ ಇನ್‌ಸ್ಟಾಕ್ಸ್ ಕ್ಯಾಮೆರಾ. ಒಂದಕ್ಕೆ ಅರವತ್ತು ಎಪ್ಪತ್ತು ರೂಪಾಯಿ, ಮಕ್ಕಳು ಸಾಲುಗಟ್ಟಿ ನಿಂತು ಅರ್ಧ ಗಂಟೆಯಲ್ಲಿ ನನ್ನ ಸ್ಟಾಕ್ ಖಾಲಿ ಮಾಡಿದರು. ಬಿಸಿಲಲ್ಲಿ ಬಣ್ಣವೂ ಕೆಟ್ಟಿತು. ಆಮೇಲೆ ಬೆಂಗಳೂರಿನಲ್ಲಿ ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸಿದೆ. ಮಳೆಗಾಲಕ್ಕೆ ಸಿಕ್ಕಿ ಅಂಟಿಕೊಂಡು ಒಂದೇ ಹಲಗೆ ಆಗಿ ಮುಟ್ಟಿದವಂತೆ. ಈಗ ಬ್ಯಾಟರಿಯ ಚಿಕ್ಕ ಸೆಲ್ಫಿ ಪ್ರಿಂಟರ್ ಒಯ್ಯುತ್ತೇನೆ. ಅದರ ಪ್ರಿಂಟ್ ಮೇಲೆ ಒಂದು ಪೊರೆ ಬರುತ್ತದೆ, ಒದ್ದೆ ಕೈಯಲ್ಲಿ ಮುಟ್ಟಿದರೂ ಏನೂ ಆಗಲ್ಲ. ಪ್ರಿಂಟ್ ಮನೆಗೆ ಕೊಡ್ತೀವಿ, ಮನೆಯವರು ಒಪ್ಪಿದ್ದನ್ನು ಮಾತ್ರ ಇನ್‌ಸ್ಟಾಗ್ರಾಂಗೆ ಹಾಕ್ತೀವಿ.

2020ರಲ್ಲಿ ಎಲ್ಲ ನಿಂತಿತು. ಲಕ್ಷದ್ವೀಪ ಎಷ್ಟು ಬಿಗಿಯಾಗಿ ಬಾಗಿಲು ಹಾಕಿಕೊಂಡಿತು ಅಂದರೆ 2021ರ ಜನವರಿ ತನಕ ಅಲ್ಲಿ ಒಂದು ಕೊರೊನಾ ಕೇಸೂ ಇರಲಿಲ್ಲ. ಕೈ ಕಟ್ಟಿ ಕೂರೋಕಾಗದೆ ನಮ್ಮ ರಾಜ್ಯದಲ್ಲೇ ಏನಾದರೂ ಆಗುತ್ತಾ ಅಂತ ನೋಡಿದೆ. ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಗ್ಗೆ ಕುಮಟಾ, ಅಲ್ಲಿಂದ ಅಘನಾಶಿನಿ ಅಳಿವೆ. ಅಣೆಕಟ್ಟಿಲ್ಲದ ನದಿ. ಮಧ್ಯೆ ಮಧ್ಯೆ ಕುರ್ವೆ ಅನ್ನುವ ನಡುಗಡ್ಡೆಗಳು, ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಉಪ್ಪು ತಡೆಯುವ ಕಗ್ಗ ಭತ್ತ. ಇಳಿತಕ್ಕೆ ಕೆಸರು ಬಯಲಾದರೆ ಹೆಂಗಸರು ಬಳಚು (ಚಿಪ್ಪುಮೀನು) ಹೆಕ್ಕೋಕೆ ಇಳಿಯುತ್ತಾರೆ. ಎರಡು ರಾತ್ರಿಗೆ ಎಂಟೊಂಬತ್ತು ಸಾವಿರದ ಟೂರ್, ಹೊಸಬರಿಗೆ ತರಬೇತಿ ಆದ ಹಾಗೂ ಆಯಿತು ಅಂತ ಲೆಕ್ಕ.

ಅಲ್ಲಿ ಪಾಲು ನಡೆಯಲಿಲ್ಲ. ಅವರವರು ಹೆಕ್ಕಿದ್ದು ಅವರವರಿಗೆ, ಹಂಚಿಕೆಯೇ ಇಲ್ಲ. ಸರಿ, ಆವತ್ತಿನ ಬಳಚು ಪೂರ್ತಿ ನಾವೇ ಕೊಳ್ಳೋಣ ಅಂತ ಮಾಡಿದೆ. ಮಾರನೇ ದಿನ ದಿನಾ ಬರುವ ವ್ಯಾಪಾರಿಗಳು ಬರಿಗೈಲಿ ಹೋಗಬೇಕಾಗಿ ಬಂದು ಸಿಟ್ಟಾದರು. ಹಿರಿಯ ಹೆಂಗಸೊಬ್ಬರು "ತಮಾ, ನೀವು ನಾಳಿಗೆ ಹೋಗ್ತ್ರಿ, ಅವ್ರು ದಿನಾ ಬರ್ತ್ರು" ಅಂತ ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟರು. ನಮ್ಮ ರೂಮಿನಲ್ಲಿ ಎರಡು ಚೀಲ ಬಳಚು, ಬೇಯಿಸೋಕೆ ಒಲೆ ಇಲ್ಲ. ಈಗ ಅಲ್ಲಿ ದೋಣಿ ನಡೆಸುವವರಿಗೆ ಗಂಟೆಗಿಷ್ಟು ಅಂತ ಕೊಟ್ಟು, ಹೆಕ್ಕುವವರಿಗೆ ಏನೂ ಕೊಡದೆ, ಜತೆಗೆ ಕೆಸರಿಗಿಳಿದು ಹೆಕ್ಕುತ್ತೇವೆ. ಕೆಸರಾದವರಿಗೆ ಫೋಟೋ ಸಿಗುತ್ತದೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ಮೇಲೆ ಬೆಂಗಳೂರಿನ ಹಕ್ಕಿ ಗುಂಪುಗಳೂ ಕೇಳತೊಡಗಿವೆ. ಇದರಲ್ಲಿ ದೊಡ್ಡ ಲಾಭ ಇಲ್ಲ. ಆದರೆ ಅಗತ್ತಿಗೆ ಯಾರನ್ನು ಕರೆದೊಯ್ಯಬಹುದು, ಯಾರನ್ನು ಬಾರದು ಅಂತ ಇಲ್ಲೇ ಗೊತ್ತಾಗಿಬಿಡುತ್ತದೆ.

ದುಡ್ಡಿನ ಲೆಕ್ಕ ಕೇಳುವವರೇ ಜಾಸ್ತಿ, ಅದನ್ನೂ ಹೇಳ್ತೀನಿ. ತಲೆಗೆ ಅರವತ್ತೈದು ಸಾವಿರದ ಹತ್ತಿರ ತಗೊಳ್ತೀನಿ. ವಿಮಾನಕ್ಕೆ ಹದಿನೈದರ ಸುತ್ತಮುತ್ತ. ಮನೆಯಲ್ಲಿ ಊಟ, ಮಲಗೋಕೆ ಎಲ್ಲ ಸೇರಿ ಇಪ್ಪತ್ತೆರಡು ಇಪ್ಪತ್ಮೂರು. ಪಾಲು, ಡೀಸೆಲ್, ಲಗೂನಿನ ಚಿಕ್ಕ ದೋಣಿಗೆ ಐದಾರು. ಉಳ್ಳಾಲದ ಗೆಳೆಯನಿಗೆ ತಲೆಗೆ ಮೂರು, ಅವನಿಲ್ಲದೆ ಈ ಟೂರೇ ಇಲ್ಲ. ಹಡಗು, ವಿಮಾನ ಕೈ ಕೊಟ್ಟರೆ ಅಂತ ತಲೆಗೆ ಏಳೆಂಟು ಸಾವಿರ ಬೇರೆ ಖಾತೆಯಲ್ಲಿ ಇಡ್ತೀನಿ. ಓಖಿ ಕಲಿಸಿದ ಖಾತೆ ಅದು. ವಾಪಸ್ ವಿಮಾನ ಎರಡು ದಿನ ನಿಂತಾಗ ಎಲ್ಲರ ಊಟ ಅದರಿಂದಲೇ ನಡೆಯಿತು, ಯಾರ ಹತ್ತಿರವೂ ಒಂದು ರೂಪಾಯಿ ಕೇಳಲಿಲ್ಲ. ಆ ಮಾತು ಬಾಯಿಂದ ಬಾಯಿಗೆ ಹೋಗಿ ತಂದುಕೊಟ್ಟ ಗಿರಾಕಿಗಳನ್ನು ಯಾವ ಜಾಹೀರಾತೂ ತರಲಿಲ್ಲ. ಪರ್ಮಿಟ್, ಸಣ್ಣಪುಟ್ಟ ಖರ್ಚು ಕಳೆದು ಕೈಯಲ್ಲಿ ಉಳಿಯೋದು ತಲೆಗೆ ಎಂಟು ಒಂಬತ್ತು. ಕಾಡಿನ ಟೂರಲ್ಲಿ ಇದರ ದುಪ್ಪಟ್ಟು ಉಳಿಯುತ್ತೆ ಅಂತ ನನಗೂ ಗೊತ್ತು. ಆದರೆ ನನ್ನ ಸೀಟುಗಳಲ್ಲಿ ಅರ್ಧಕ್ಕರ್ಧ ಹಳಬರೇ ತುಂಬ್ತಾರೆ. ನಿಮ್ಮದು?

2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದರಲ್ಲ, ಆ ವಾರ ನನ್ನ ಫೋನ್ ಬಿಡುವು ಕೊಡಲಿಲ್ಲ. ಎಲ್ಲರಿಗೂ ಬೀಚ್ ಬೇಕು, ಸ್ನಾರ್ಕೆಲಿಂಗ್ ಬೇಕು, ಡ್ರೋನ್ ಹಾರಿಸಬೇಕು. "ಸರ್, ಡ್ರಿಂಕ್ಸ್ ಸಿಗುತ್ತಾ?" ಅಂತ ಅರ್ಧ ಜನ. ಅಗತ್ತಿಯಲ್ಲಿ ಪಾನನಿಷೇಧ, ಅನುಮತಿ ಇಲ್ಲದೆ ಡ್ರೋನ್ ಹಾರಿಸುವ ಹಾಗಿಲ್ಲ ಅಂದರೆ ಅಲ್ಲಿಗೇ ಫೋನ್ ಕಟ್. ಒಳ್ಳೆಯದೇ ಆಯಿತು. ಆದರೆ ದ್ವೀಪದಲ್ಲಿ ರೂಮಿನ ರೇಟು ಏರಿತು, ಕೆಲವು ದೋಣಿಗಳು ಮೀನು ಬಿಟ್ಟು ಟೂರಿಸ್ಟ್ ಸುತ್ತಿಸೋಕೆ ಹೊರಟವು. ಅವರಿಗೆ ಅದರಲ್ಲಿ ದುಡ್ಡಿದೆ, ನಾವು ಬೇಡ ಅನ್ನೋಕೆ ಯಾರು? ನಮ್ಮ ಮೂರು ದೋಣಿಗಳಂತೂ ಮೀನಿನ ಕಸುಬಿನಲ್ಲೇ ಉಳಿದಿವೆ. ಯಾವ ಮೂರು, ಅವನ್ನು ಹೇಗೆ ಆರಿಸಿದೆ ಅಂತ ದಯವಿಟ್ಟು ಕೇಳಬೇಡಿ.

ಸಮುದ್ರದಲ್ಲಿ ವಾಂತಿ ಆಗುವವರಿಗೆ ಅವೋಮಿನ್ ಮಾತ್ರೆ ದೋಣಿ ಹತ್ತಿದ ಮೇಲೆ ನುಂಗಿ ಪ್ರಯೋಜನ ಇಲ್ಲ, ಮುಂಚೆಯೇ ತಗೊಳ್ಳಬೇಕು. ಆದರೆ ಯಾವ ದಿನ ಅಂತಲೇ ಗೊತ್ತಿರಲ್ಲ, ಅದಕ್ಕೆ ಬಾಗಿಲು ಬಡಿದ ಕೂಡಲೇ ಮೊದಲು ಮಾತ್ರೆ, ಆಮೇಲೆ ಚಪ್ಪಲಿ. ಲೈಫ್ ಜಾಕೆಟ್ ನಾವೇ ಒಯ್ಯುತ್ತೇವೆ. ಎಸಿ ರೂಮಿಂದ ಕ್ಯಾಮೆರಾ ಸೀದಾ ಹೊರಗೆ ತಂದರೆ ಲೆನ್ಸ್ ಬೆವರಿ ಅರ್ಧ ಗಂಟೆ ಹೋಗುತ್ತದೆ, ಚೀಲವನ್ನು ರಾತ್ರಿಯೇ ಜಗಲಿಯಲ್ಲಿಡಿ. ಪರ್ಮಿಟ್‌ಗೆ ಬೇಕಾದ ಪೊಲೀಸ್ ಕ್ಲಿಯರೆನ್ಸ್‌ಗೆ ಸೇವಾ ಸಿಂಧುವಿನಲ್ಲಿ ಒಂದು ತಿಂಗಳು ಮುಂಚೆಯೇ ಅರ್ಜಿ ಹಾಕಿ. ಕೊನೆ ವಾರದಲ್ಲಿ ಸ್ಟೇಷನ್ ಸುತ್ತಿ ಸುಸ್ತಾದವರನ್ನು ನೋಡಿದ್ದೇನೆ.

ಮುಂದಿನ ಯೋಚನೆ ಕಿಲ್ತಾನ್, ಚೆಟ್ಲಾಟ್ ಕಡೆ. ಅಮಿನಿ, ಕಡಮತ್, ಬಿತ್ರ ಸೇರಿ ಆ ಐದೂ ದ್ವೀಪ 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಕೊಬ್ಬರಿ, ಹುರಿಹಗ್ಗ ತುಂಬಿದ ಹಾಯಿ ಓಡಗಳು ಮಂಗಳೂರು ಬಂದರಿಗೆ ಬಂದು ಅಕ್ಕಿ ಒಯ್ಯುತ್ತಿದ್ದವು. ಮಂಗಳೂರಿನ ಹಳೇ ಬಂದರಿನಿಂದ ಈಗಲೂ ಜಲ್ಲಿ, ತರಕಾರಿ ತುಂಬಿದ ಮಂಜಿಗಳು, ಅಂದರೆ ಮರದ ಸರಕು ಹಡಗುಗಳು, ಲಕ್ಷದ್ವೀಪಕ್ಕೆ ಹೋಗುತ್ತವೆ. ಆ ದಾರಿಯಲ್ಲಿ ಜನರನ್ನು ಕರೆದೊಯ್ಯೋಕೆ ಆಗುತ್ತಾ ಅಂತ ಹಳೇ ಬಂದರಿನಲ್ಲಿ ಎರಡು ಸಲ ವಿಚಾರಿಸಿದೆ. ಸರಕಿನ ಮಂಜಿಯಲ್ಲಿ ಪ್ರಯಾಣಿಕರನ್ನು ಹತ್ತಿಸಲ್ಲ ಅಂದರು. ಸರಿ, ಕೊಚ್ಚಿ ಹಡಗೇ ಗತಿ. ಆದರೆ ಬಂದರಿನಲ್ಲಿ ಮಂಜಿ ತುಂಬುವ ದಿನವೇ ಒಂದು ಟೂರ್ ಆಗಬಹುದು ಅನ್ನಿಸಿದೆ. ಬೆಳಗ್ಗೆ ಆರರಿಂದ ಹತ್ತು, ಆಮೇಲೆ ನೀರುದೋಸೆ.

ಕಿಲ್ತಾನ್‌ಗೆ ಈ ಸೀಸನ್‌ನಲ್ಲಿ ಗುಂಪು ಒಯ್ಯಲ್ಲ. ಮೊದಲು ನಾವಿಬ್ಬರೇ ಹೋಗಿ ಅಲ್ಲಿ ದೋಣಿಗೆಷ್ಟು, ಆಳಿಗೆಷ್ಟು ಅಂತ ಹಂಚುವ ಲೆಕ್ಕ ನೋಡಿ ಬರಬೇಕು. ಅದು ಗೊತ್ತಾಗದೆ ನಾನು ಅಡ್ವಾನ್ಸ್ ಮುಟ್ಟಲ್ಲ, ಸೀಟು ಹಿಡಿದಿಡಿ ಅಂತ ಈಗಲೇ ಗೂಗಲ್ ಪೇ ಮಾಡಿದವರಿಗೆ ದುಡ್ಡು ವಾಪಸ್ ಹಾಕಿದ್ದೇನೆ. ಅಗತ್ತಿಗೆ ಮಳೆಗಾಲ ಕಳೆದು ಅಕ್ಟೋಬರ್ ಕೊನೆಗೆ ಆರು ಸೀಟು, ಫೆಬ್ರವರಿಯಲ್ಲಿ ಇನ್ನಾರು. ರೇಟು ಎರಡು ಸಾವಿರ ಜಾಸ್ತಿ, ಯಾಕಂದರೆ ಹೋದ ವರ್ಷ ಮೀನು ಚೆನ್ನಾಗಿ ಬಿದ್ದು ಪಾಲು ಏರಿದೆ.